ಬಿಸಿಲು ಬಿದ್ದ ಜಾಗ

ಮಾರ್ಚ್ 11

ಒಂಬತ್ತು ದಿನದ ಪ್ರಾರ್ಥನೆ ಇವತ್ತಿಗೆ ಮುಗಿಯಿತು. ಬಂದವರೆಲ್ಲ ಕಾಫಿ ಕುಡಿದರು, ಮೆಕ್ಕೆಜೋಳದ ಕಡುಬು ತಮಾಲ್ ತಿಂದರು, ಲಿಸಾಂದ್ರೋ ಎಷ್ಟು ಒಳ್ಳೆಯ ಗಂಡನಾಗಿದ್ದ ಎಂದು ನನಗೇ ಹೇಳಿ ಹೋದರು. ಅವನ ಜೊತೆ ಸಂಸಾರ ಮಾಡಿದವಳು ನಾನು. ಅವನು ಹೇಗಿದ್ದ ಎಂದು ಇವರಿಂದ ಕೇಳಿ ತಿಳಿದುಕೊಳ್ಳಬೇಕೇ? ನಾನು ಬಾಯಿ ತೆರೆದರೆ ರಂಪವಾಗುತ್ತದೆಂದು ಮಗಳು ಮಿರ್ತಾ ನನ್ನನ್ನು ಒಲೆಯ ಪಕ್ಕವೇ ಕೂರಿಸಿದ್ದಳು. ಅಲ್ಲಿ ಆಡದೆ ನುಂಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಾಸ್ಮೋ ಬಂದಿದ್ದ. ಜ್ಞಾನಸ್ನಾನದ ದಿನ ಮಿರ್ತಾಳನ್ನು ತೋಳಲ್ಲಿ ಎತ್ತಿ ಹಿಡಿದವನು. ಅವಳಿಗೆ ಪದ್ರಿನೋ ಅಂದರೆ ಧರ್ಮಪಿತ, ನಮಗೆ ಕೊಂಪಾದ್ರೆ, ಹೆಂಗಸರಾದರೆ ಕೊಮಾದ್ರೆ. ಒಡಹುಟ್ಟಿದವರಿಗಿಂತ ಹೆಚ್ಚಿನ ನಂಟು ಎನ್ನುತ್ತಾರೆ ಅದಕ್ಕೆ. ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿಯೇ ನಿಂತಿದ್ದ. ಒಳಗೆ ಬನ್ನಿ ಎಂದು ನಾನು ಅನ್ನಲಿಲ್ಲ, ಅವನೂ ಬರಲಿಲ್ಲ.

ಮರ ಬೀಳಿಸುವ ಎಷ್ಟೋ ತಿಂಗಳು ಮುಂಚೆ ಅದಕ್ಕೆ ಸುತ್ತಿಕೊಂಡ ಬಳ್ಳಿಗಳನ್ನು ಬುಡದಲ್ಲಿ ಕಡಿದು ಬಿಡಬೇಕು. ಬಳ್ಳಿ ಒಣಗಿ ಕಳಚಿದರೆ ಮರ ತಾನೊಂದೇ ಬೀಳುತ್ತದೆ. ಕಡಿಯದಿದ್ದರೆ ಅಕ್ಕಪಕ್ಕದ ಮರವನ್ನೂ ಎಳೆದುಕೊಂಡು ಬರುತ್ತದೆ. ಎಲ್ ರಾಮೊನಾಲ್ ಊರಿನ ಮಕ್ಕಳಿಗೂ ಇದು ಗೊತ್ತು. ನಮ್ಮ ಅರಣ್ಯ ಸಂಘದಲ್ಲಿ ಬಳ್ಳಿ ಕಡಿಯುವ ಕೆಲಸ ಎರಾಸ್ಮೋನದು. ಆ ಮಹಾಗನಿಯ ಬಳ್ಳಿಯನ್ನು ಅವನು ಕಡಿದಿರಲಿಲ್ಲ. ಲಿಸಾಂದ್ರೋ ಗರಗಸ ಹಿಡಿದು ಮಹಾಗನಿಯನ್ನು ಬೀಳಿಸಿದ. ಬಳ್ಳಿ ಬೆನ್ನ ಹಿಂದಿದ್ದ ರಾಮೋನ್ ಮರವನ್ನು ಎಳೆದು ಅವನ ಮೇಲೆ ಕೆಡವಿತು. ನಡೆದದ್ದು ಇಷ್ಟೇ. ದೇವರ ಚಿತ್ತ ಎಂದು ಇನ್ನೊಬ್ಬರು ಹೇಳಿದರೆ ಒಲೆಯ ಕೊಳ್ಳಿ ನನ್ನ ಕೈಗೆ ಬರುತ್ತದೆ.

ಮಾರ್ಚ್ 30

ಮಿರ್ತಾ ಕೂದಲು ಕತ್ತರಿಸಿಕೊಂಡಿದ್ದಾಳೆ, ಅದೂ ಚಂದ್ರ ಬೆಳೆಯುವ ದಿನಗಳಲ್ಲಿ. ಅಪ್ಪ ಇದ್ದಿದ್ದರೆ ಮನೆ ಎರಡಾಗುತ್ತಿತ್ತು. ಕೂದಲಿರಲಿ, ಕಂಬವಿರಲಿ, ಮನೆಗೆ ಹೊದಿಸುವ ಗರಿಯಿರಲಿ, ಬೆಳೆಯುವ ಚಂದ್ರದಲ್ಲಿ ಕತ್ತಿ ಹಿಡಿದವರನ್ನು ಅವನು ಬೈಯದೆ ಬಿಟ್ಟದ್ದಿಲ್ಲ. ಈಗ ಯಾರು ಹೇಗೆ ಬೇಕಾದರೂ ಕತ್ತರಿಸಿಕೊಳ್ಳಬಹುದು.

ಮಿರ್ತಾ ಬೇಡವೆಂದರೂ ಕೇಳದೆ ನನ್ನ ಶಾತೆ ಜಾಗಕ್ಕೆ ಹೋಗಿ ಬಂದೆ. ಹಾದಿಯುದ್ದಕ್ಕೂ ಎಂದಿನ ಕತ್ತಲು, ಎಂದಿನ ತಂಪು. ಆಮೇಲೆ ಒಮ್ಮೆಲೇ ಕಣ್ಣಿಗೆ ಬಿಸಿಲು ಹೊಡೆಯಿತು. ಕಾಡಿನ ಮಧ್ಯೆ ಅಷ್ಟಗಲ ಆಕಾಶವನ್ನು ನಾನು ಯಾವತ್ತೂ ನೋಡಿರಲಿಲ್ಲ. ಮಹಾಗನಿಯ ದಿಮ್ಮಿ ಆಗಲೇ ಸಾಗಿಹೋಗಿದೆ. ರಾಮೋನ್ ಮರದ ತಲೆ ಅಲ್ಲೇ ಬಿದ್ದು ಕಂದಿಹೋಗಿದೆ. ಅವನು ಬಿದ್ದ ಕಡೆ ಯಾರೋ ಶಿಲುಬೆ ನೆಟ್ಟಿದ್ದಾರೆ.

ಶಾತೆ ನೆರಳಿನ ಗಿಡ. ನಮ್ಮ ಮೊಣಕಾಲೆತ್ತರದ ಆ ತಾಳೆಯ ಎಲೆಯನ್ನು ದೂರದೇಶದವರು ಹೂಗುಚ್ಛದ ಹಿಂದೆ ಸಿಕ್ಕಿಸುತ್ತಾರೆ. ಗಿಡಕ್ಕೆ ಎರಡೆಲೆ ಬಿಟ್ಟು ಉಳಿದದ್ದನ್ನು ಕೊಯ್ಯುತ್ತ, ಮಿರ್ತಾ ಮಗುವಾಗಿದ್ದಾಗಿನಿಂದ ಆ ಜಾಗವನ್ನು ಬೆಳೆಸಿದ್ದೆ. ಮರದ ಕೆಳಗೆ ಸಿಕ್ಕಿದ್ದು ಸಿಕ್ಕಿಹೋಯಿತು. ಸಿಗದೆ ಉಳಿದದ್ದು ಬಿಸಿಲಿಗೆ ಹಳದಿಯಾಗಿ ಅಂಚು ಸೀದುಹೋಗಿದೆ. ಒಂದು ಬಳ್ಳಿ ಕಡಿಯದೆ ಬಿಟ್ಟದ್ದಕ್ಕೆ ಗಂಡನೂ ಹೋದ, ಅನ್ನದ ದಾರಿಯೂ ಹೋಯಿತು. ಒಳ್ಳೆಯ ಕೆಲಸಗಾರ ನಮ್ಮ ಕೊಂಪಾದ್ರೆ.

ಏಪ್ರಿಲ್ 19

ಸಂಘದ ಅರಣ್ಯ ಇಂಜಿನಿಯರ್ ಪ್ಲಾಸಿದೋ ಮನೆಗೆ ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು ಬಹಳ ಹೊತ್ತು ಟೋಪಿ ತಿರುಗಿಸಿದರು.

"ಆ ಮರದ ಕಾಯಿ ಒಡೆಯೋಕ್ ಮುಂಚೆನೇ ಬೀಳಿಸಿಬಿಟ್ರು, ದೋನ್ಯಾ ಬೆನಿಲ್ದಾ. ಬೀಜ ಉದುರಿಲ್ಲ. ಅದಕ್ಕೆ ಮಳೆ ಹಿಡಿದ ಮೇಲೆ ಸಸಿ ನೆಡಬೇಕು. ಮಹಾಗನಿ ನೆರಳಲ್ಲಿ ಏಳಲ್ಲ, ಹಂಗೆ ಬಿಸಿಲು ಬಿದ್ದ ಜಾಗನೇ ಬೇಕು. ಒಂದು ಲೆಕ್ಕಕ್ಕೆ ನೋಡಿದ್ರೆ..."

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಅಂತೀರಾ?"

ಪಾಪ, ಕಾಫಿ ನೆತ್ತಿಗೇರಿಸಿಕೊಂಡರು. ಕೆಮ್ಮು ನಿಂತ ಮೇಲೆ ವಿಷಯಕ್ಕೆ ಬಂದರು. ಸಸಿಗಳ ಸುತ್ತ ಬಳ್ಳಿ, ಕಳೆ ಏಳದಂತೆ ನೋಡಿಕೊಳ್ಳುವ ಕೂಲಿ ಕೆಲಸ ನನಗೆ ಕೊಡುತ್ತಾರಂತೆ. ಯಾರ ಯೋಚನೆ ಎಂದು ಕೇಳಿದೆ. ಎರಾಸ್ಮೋನದಂತೆ. ಕೆನ್ನೆಗೆ ಬಾರಿಸಿದ ಹಾಗಾಯಿತು.

ಅವರು ಹೋದ ಮೇಲೆ ಮಿರ್ತಾ ಹೇಳಿದಳು, "ಒಪ್ಕೊಳ್ಳಮ್ಮಾ. ಸಸಿಗಳು ನಾನು ಕೆಲಸ ಮಾಡೋ ಸಸಿಮಡಿಯವೇ. ನೆಡೋದು ಪದ್ರಿನೋ. ಬಳ್ಳಿ ವಿಷಯಕ್ಕೆ ಅವರಿಗೆ ಒಂದ್ಸಲ ಎಚ್ಚರಿಕೆ ಆಗಿದೆ, ಈ ಗಿಡಗಳೂ ಸತ್ರೆ ಅವರನ್ನ ಸಂಘದಿಂದಲೇ ತೆಗೀತಾರೆ."

ಒಪ್ಪಿಕೊಂಡೆ.

ಜೂನ್ 8

ಮಳೆ ಹಿಡಿದಿದೆ. ಇವತ್ತು ನೆಟ್ಟರು. ಎರಾಸ್ಮೋ ಗುಣಿ ತೋಡಿದ, ಮಿರ್ತಾ ಸಸಿ ಇಟ್ಟು ಮಣ್ಣು ಒತ್ತಿದಳು, ಪಕ್ಕದಲ್ಲಿ ಕೋಲು ನೆಟ್ಟಳು. ಇಬ್ಬರೂ ಮಾತಾಡಿಕೊಂಡು ಒಂದೆರಡು ಸಲ ನಕ್ಕರು ಕೂಡ. ನಾನು ಬಿದ್ದಿದ್ದ ರಾಮೋನ್ ಮರದ ಬೊಡ್ಡೆಯ ಮೇಲೆ ಕೂತು ನೋಡಿದೆ. ಅಪ್ಪ ಬಿದ್ದ ನೆಲದಲ್ಲಿ ಈ ಹುಡುಗಿಗೆ ನಗು ಹೇಗೆ ಬಂತೋ.

ಕೆಲಸ ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದ.

"ಕೊಮಾದ್ರೆ, ವಾರಕ್ಕೊಂದ್ಸಲ ಬಂದ್ರೆ ಸಾಕು. ಬಳ್ಳಿ ಮಾತ್ರ ಗಿಡಕ್ಕೆ ಹತ್ತೋಕೆ ಬಿಡಬೇಡಿ."

"ಬಳ್ಳಿ ಕಡಿಯೋದನ್ನ ನೀವು ನನಗೆ ಹೇಳಿಕೊಡ್ತೀರಾ, ಕೊಂಪಾದ್ರೆ?"

ಅವನು ಹಿಂತಿರುಗಿ, ಒತ್ತಿದ್ದ ಮಣ್ಣನ್ನೇ ಮತ್ತೆ ಒತ್ತತೊಡಗಿದ. ಮಿರ್ತಾ ಬುಟ್ಟಿ ಎತ್ತಿಕೊಂಡು ಮುಂದೆ ನಡೆದುಬಿಟ್ಟಳು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ರಾತ್ರಿ ಊಟ ರುಚಿಸಿತು.

ಜೂನ್ 27

ಹೋದೆ. ಅಲ್ಲಿ ಮಚ್ಚನ್ನು ಒರೆಯಿಂದ ತೆಗೆಯಲಿಲ್ಲ. ಬರುವಾಗ ಹಾದಿ ಬದಿಯ ಪೊದೆಗೆ ನಾಲ್ಕು ಏಟು ಹಾಕಿ, ಅಲಗಿಗೆ ಹಸಿರು ಮೆತ್ತಿಸಿಕೊಂಡು ಮನೆಗೆ ಬಂದೆ.

ಜುಲೈ 20

ಅಲ್ಲಿ ಯಾವ ಬೀಜ ಎಷ್ಟು ವರ್ಷದಿಂದ ಮಣ್ಣಲ್ಲಿ ಹೂತು ಕಾಯುತ್ತಿತ್ತೋ, ಎಲ್ಲವೂ ಒಟ್ಟಿಗೆ ಎದ್ದಿವೆ. ಹೆಚ್ಚಿನವು ಗ್ವಾರುಮೋ. ಹಸ್ತದಂಥ ಎಲೆ, ಒಳಗೆ ಟೊಳ್ಳಾದ ಕಾಂಡ, ಆ ಟೊಳ್ಳಿನಲ್ಲಿ ಕಚ್ಚುವ ಇರುವೆ. ಸೌದೆಗೂ ಬಾರದ ಮರ, ಆದರೆ ಏಳುವುದೇನು ಏಳುವುದು! ಹೋದ ವಾರ ನನ್ನ ಸೊಂಟದ ಮಟ್ಟಕ್ಕಿದ್ದದ್ದು ಇವತ್ತು ಎದೆಗೆ ಬಂದಿದೆ. ಹೀಗೇ ಬೆಳೆದರೆ ವರ್ಷ ತುಂಬುವಷ್ಟರಲ್ಲಿ ಮೇಲೆ ಹಸಿರು ಕೂಡಿಕೊಳ್ಳುತ್ತದೆ. ನೆರಳು ಬರುತ್ತದೆ. ನೆರಳು ಬಂದರೆ ಮಹಾಗನಿ ಸಾಯುತ್ತದೆ, ಅಂಚಿನಲ್ಲಿ ಉಳಿದ ನನ್ನ ಶಾತೆ ಚಿಗುರುತ್ತದೆ. ಒಂದೇ ನೆರಳಿನಲ್ಲಿ ಎರಡು ಕೆಲಸ.

ನಾನು ಏನನ್ನೂ ಕಡಿಯುತ್ತಿಲ್ಲ, ಏನನ್ನೂ ಕೊಲ್ಲುತ್ತಿಲ್ಲ. ಸುಮ್ಮನೆ ಬಿಟ್ಟಿದ್ದೇನೆ. ಎರಾಸ್ಮೋ ಬಳ್ಳಿಯನ್ನು ಬಿಟ್ಟ ಹಾಗೆಯೇ.

ಹೋಗುವಾಗ ಕೆಸರಿನಲ್ಲಿ ಬೂಟಿನ ಗುರುತು ಇತ್ತು. ಬೇಟೆಗಾರರದ್ದಿರಬೇಕು. ಇಂಥ ತೆರವಿನಲ್ಲಿ ಎಳೆ ಎಲೆ ಮೇಯಲು ಜಿಂಕೆ ಬರುತ್ತದೆ.

ಆಗಸ್ಟ್ 14

ಮಳೆ. ಬೆಳೆಯುತ್ತಿದೆ.

ಸೆಪ್ಟೆಂಬರ್ 6

ಸಂಘದ ಗೋದಾಮಿನಲ್ಲಿ ಶಾತೆ ಎಲೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೇನೆ. ತೂತು, ಕಲೆ, ಸೀದದ್ದು ಒಂದು ಕಡೆ, ಒಳ್ಳೆಯದು ಒಂದು ಕಡೆ. ಬೇರೆಯವರು ಕೊಯ್ದ ಎಲೆ. ಎರಾಸ್ಮೋನ ಹೆಂಡತಿ ನಿಕನೋರಾಳನ್ನು ಇವತ್ತು ನನ್ನ ಪಕ್ಕಕ್ಕೆ ಕೂರಿಸಿದ್ದರು. ಅವಳ ಕೈ ಬಲು ಚುರುಕು. ನೋಡಿ ಸುಮ್ಮನಿರಲಾಗಲಿಲ್ಲ.

"ಕೊಮಾದ್ರೆ, ಇಷ್ಟು ಚುರುಕು ನಿಮ್ಮ ಯಜಮಾನ್ರಿಗೂ ಒಂಚೂರು ಕೊಡಬಾರದಿತ್ತಾ? ನನ್ನ ಗಂಡ ಬದುಕಿರ್ತಿದ್ದ."

ಹೆಂಗಸರೆಲ್ಲ ಕೈ ನಿಲ್ಲಿಸಿದರು. ನಿಕನೋರಾ ಎಲೆಯ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದಳು.

"ಸಾಕು ಕೊಮಾದ್ರೆ. ಆರು ತಿಂಗಳಿಂದ ನಿಮ್ಮ ಬಾಯಿಗೆ ಸಿಕ್ಕು ಸುಮ್ನಿದೀನಿ, ಅವರು ಹೇಳಬೇಡ ಅಂದಿದ್ದಕ್ಕೆ. ಹೋದ ವರ್ಷ ಇದೇ ದಿನಗಳಲ್ಲಿ ಮಚ್ಚು ಹಿಡ್ಕೊಂಡು ಆ ಬಳ್ಳಿ ಹತ್ರ ಹೋಗಿದ್ರು ಅವರು. ಬೇಡ ಅಂತ ವಾಪಸ್ ಕಳಿಸಿದ್ದು ಯಾರು ಗೊತ್ತಾ? ನಿಮ್ಮ ಲಿಸಾಂದ್ರೋ! ಚಂದ್ರ ಬೆಳೀತಾ ಇದೆ, ಈಗ ಕಡಿದ್ರೆ ಒಂದಕ್ಕೆ ಹತ್ತು ಚಿಗುರುತ್ತೆ, ಇಳಿಯೋ ಚಂದ್ರ ಬರಲಿ ಅಂದ್ರಂತೆ. ಇಳಿಯೋ ಚಂದ್ರ ಬಂತು, ಜೊತೆಗೆ ಮಳೆನೂ ಬಂತು. ತಗ್ಗಲ್ಲಿ ಎದೆಮಟ್ಟ ನೀರು, ಯಾರು ದಾಟ್ತಾರೆ? ಆಮೇಲೆ ಇಬ್ರೂ ಮರೆತ್ರು. ಇಬ್ರೂ!"

"ಸತ್ತೋರ ಮೇಲೆ ಹಾಕೋದು ಸುಲಭ."

"ಅದಕ್ಕೇ ಅವರು ಬಾಯಿ ಬಿಡ್ಲಿಲ್ಲ. ನಿಮಗೆ ಗಂಡ ಹೋಗಿದ್ದೊಂದೇ ಸಾಕು, ಅವನ ತಪ್ಪೂ ಬೇಡ ಅಂತ."

ಎದ್ದು ಬಂದುಬಿಟ್ಟೆ. ಸುಳ್ಳಿ. ಗಂಡನನ್ನು ಉಳಿಸಿಕೊಳ್ಳಲು ಏನು ಬೇಕಾದರೂ ಹೇಳುತ್ತಾಳೆ.

ಸೆಪ್ಟೆಂಬರ್ 7

ಇಳಿಯೋ ಚಂದ್ರ ಬರಲಿ. ಅವನು ಹೇಳುತ್ತಿದ್ದ ರೀತಿಯೇ ಅದು. ಅದೇ ಮಾತು.

ಅಕ್ಟೋಬರ್ 19

ಮೊನ್ನೆಯ ಬಿರುಗಾಳಿಗೆ ತೆರವಿನ ಅಂಚಿನಲ್ಲಿದ್ದ ಇನ್ನೊಂದು ದೊಡ್ಡ ಮರ ಮುರಿದಿದೆ. ಸುತ್ತ ಮರಗಳಿದ್ದಾಗ ಅದಕ್ಕೆ ಗಾಳಿಯ ಪರಿಚಯವೇ ಇರಲಿಲ್ಲ. ಒಂದು ಕಡೆ ತೆರೆದ ಮೇಲೆ ಗಾಳಿ ಅಲ್ಲಿಂದಲೇ ನುಗ್ಗಿ ಅದನ್ನೂ ತೆಗೆದುಕೊಂಡು ಹೋಯಿತು. ಬಿದ್ದದ್ದು ಎಲ್ಲಿ ಅಂತೀರಿ? ಚಿಗುರುತ್ತಿದ್ದ ನನ್ನ ಶಾತೆಯ ಮೇಲೆ. ಕೂತು ಅತ್ತೆ. ಲಿಸಾಂದ್ರೋನ ಹೆಣ ತಂದಾಗಲೂ ನಾನು ಹೀಗೆ ಅತ್ತಿರಲಿಲ್ಲ, ನಾಲ್ಕು ಜನರ ಮುಂದೆ ಅಳುವ ಅಭ್ಯಾಸ ನನಗಿಲ್ಲ.

ಗ್ವಾರುಮೋ ಎರಡಾಳೆತ್ತರ ಆಗಿದೆ. ಕೆಳಗೆ ಬಳ್ಳಿಗಳು ಹಾಸಿಗೆಯಂತೆ ಹೆಣೆದುಕೊಂಡಿವೆ. ಹುಡುಕಿದರೆ ಮಿರ್ತಾಳ ಕೋಲುಗಳು ಸಿಗುತ್ತವೆ, ಪಕ್ಕದಲ್ಲಿ ಗಿಡ ಇರುವುದಿಲ್ಲ. ಒಂದು ಮಾತ್ರ ಬಾಗಿ ಬಿಲ್ಲಾಗಿ, ತುದಿಯಲ್ಲಿ ಮೂರು ಕೆಂಪು ಚಿಗುರು ಇಟ್ಟುಕೊಂಡಿತ್ತು. ಅದರ ಮೇಲಿನ ಬಳ್ಳಿ ಕತ್ತರಿಸಿದೆ. ನಡೆಯುವಾಗ ಕಾಲಿಗೆ ತೊಡರುತ್ತಿತ್ತು, ಅದಕ್ಕೆ.

ನವೆಂಬರ್ 2

ಸತ್ತವರ ದಿನ. ನಾವು ಹೂ ತೆಗೆದುಕೊಂಡು ಹೋಗುವಷ್ಟರಲ್ಲಿ ಸಮಾಧಿಗೆ ಯಾರೋ ಸುಣ್ಣ ಬಳಿದಿದ್ದರು, ಹುಲ್ಲು ಕಿತ್ತಿದ್ದರು. ಯಾರೆಂದು ಕೇಳಬೇಕಾಗಿಲ್ಲ. ಬಳಿದ ಸುಣ್ಣವನ್ನು ಒರೆಸಿ ತೆಗೆಯಲು ಆಗುವುದಿಲ್ಲ, ಇಲ್ಲದಿದ್ದರೆ ತೆಗೆಯುತ್ತಿದ್ದೆ.

ಲಿಸಾಂದ್ರೋನಿಗೆ ಒಂದು ಮಾತು ಕೇಳಬೇಕೆಂದು ಹೋಗಿದ್ದೆ. ಮಿರ್ತಾ ಪಕ್ಕದಲ್ಲಿದ್ದಳು. ಕೇಳಲಿಲ್ಲ.

ಡಿಸೆಂಬರ್ 12

ವಾರಕ್ಕೆರಡು ಸಲ ಹೋಗುತ್ತಿದ್ದೇನೆ. ಮನೆಯಲ್ಲಿ ಕೂತು ಮಾಡುವುದೇನಿದೆ? ಬೆಳಿಗ್ಗೆ ಹೊತ್ತು ಅಲ್ಲಿ ಝೇಂಕಾರದ ಹಕ್ಕಿ ಬರುತ್ತದೆ, ಮಧ್ಯಾಹ್ನ ಚಿಟ್ಟೆಗಳು. ಕಾಡಿನ ಉಳಿದ ಕಡೆ ಇಷ್ಟು ಸದ್ದು ಇಲ್ಲ. ಹೋದಾಗಲೆಲ್ಲ ಕಾಲಿಗೆ ತೊಡರುವ ಬಳ್ಳಿ ಒಂದೆರಡು ಇದ್ದೇ ಇರುತ್ತವೆ, ಕಡಿಯುತ್ತೇನೆ. ಮೂರು ಗಿಡ ಬದುಕಿವೆ. ಮೂರಿದ್ದರೇನು, ಎರಾಸ್ಮೋನನ್ನು ಸಂಘದಲ್ಲಿ ಉಳಿಸಲು ಮೂರು ಸಾಲದು.

ಜನವರಿ 16

ಇವತ್ತು ತಪಾಸಣೆ. ಪ್ಲಾಸಿದೋ, ಸಂಘದ ಇಬ್ಬರು ಹಿರಿಯರು, ಎರಾಸ್ಮೋ, ನಾನು, ಮಿರ್ತಾ. ಗ್ವಾರುಮೋ ತೋಪಿನ ಮುಂದೆ ನಿಂತು ಇಂಜಿನಿಯರ್ ಬಹಳ ಹೊತ್ತು ಮೇಲಕ್ಕೇ ನೋಡಿದರು. ಆಮೇಲೆ ಒಳಹೊಕ್ಕು ಎಣಿಸಿದರು. ಎಣಿಸಲು ಹೊತ್ತೇನೂ ಹಿಡಿಯಲಿಲ್ಲ.

"ಈ ಜಾಗನ ಯಾರು ನೋಡ್ಕೋತಾ ಇದ್ರು?"

ಎಲ್ಲರಿಗೂ ಗೊತ್ತು. ಎಲ್ಲರೂ ನನ್ನ ಕಡೆ ನೋಡದಂತೆ ನಿಂತಿದ್ದರು. ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ, ಜ್ವರವಿತ್ತು, ಮಂಡಿನೋವಿತ್ತು ಎಂದೆಲ್ಲ. ಅಷ್ಟರಲ್ಲಿ ಎರಾಸ್ಮೋ ಬಾಯಿ ತೆರೆದ.

"ನಾನೇ. ಗಂಡ ಸತ್ತ ಜಾಗ, ಅವರಿಗೆ ಬರೋದು ಕಷ್ಟ ಅಂತ ನಾನೇ ಮಾಡ್ತೀನಿ ಅಂದಿದ್ದೆ. ಮಾಡ್ಲಿಲ್ಲ."

"ಮೊದಲು ಬಳ್ಳಿ, ಈಗ ಇದು. ಎರಡನೇ ಸಲ, ದೋನ್ ಎರಾಸ್ಮೋ."

"ಹೌದು."

ಅಲ್ಲೇ ತೀರ್ಮಾನವಾಯಿತು. ಸಂಘದಿಂದ ಹೊರಗೆ. ಕಾಡಿಗೆ ಕಾಲಿಡುವ ಹಾಗಿಲ್ಲ, ಶಾತೆಗೂ ಇಲ್ಲ, ಸೌದೆಗೂ ಇಲ್ಲ. ಹುಟ್ಟಿದಾಗಿನಿಂದ ಈ ಕಾಡು ಬಿಟ್ಟು ಬೇರೇನೂ ಗೊತ್ತಿಲ್ಲದವನು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಈ ಸಲ ಯಾರೂ ನನ್ನನ್ನು ಒಲೆಯ ಪಕ್ಕ ಕೂರಿಸಿರಲಿಲ್ಲ.

ಬೇಕಾದದ್ದು ಆಯಿತು.

ಜನವರಿ 17

ಮಿರ್ತಾ ಬೆಳಿಗ್ಗೆ ನನ್ನ ಮಚ್ಚನ್ನು ಮೇಜಿನ ಮೇಲೆ ತಂದಿಟ್ಟಳು.

"ವಾರವಾರ ಇದಕ್ಕೆ ಹಸಿರು ಮೆತ್ತಿರ್ತಿತ್ತಲ್ಲಮ್ಮಾ. ಎಲ್ಲಿ ಕಡೀತಿದ್ದೆ?"

"ದಾರೀಲಿ."

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ನಾನೂ ಎರಡು ಮಾತು ಅನ್ನಬಹುದಿತ್ತು.

"ಮೊದಲು ಬೇರೆ ಕಡೆ ನೆಡಬೇಕು ಅಂತಿದ್ರು ಇಂಜಿನಿಯರು. ಅಪ್ಪ ಬಿದ್ದಲ್ಲೇ ನೆಡೋಣ ಅಂತ ಪದ್ರಿನೋನ ಕಾಲು ಹಿಡಿದಿದ್ದು ನಾನು. ಒಂದು ಮರ ಆದ್ರೂ ಏಳಲಿ ಅಂತ. ಯಾರ ಮೇಲೆ ತೀರಿಸ್ಕೊಂಡೆ ನೀನು?"

ಬಟ್ಟೆ ಗಂಟು ಕಟ್ಟಿಕೊಂಡು ಸಸಿಮಡಿಯ ಕೋಣೆಗೆ ಹೋಗಿ ಉಳಿದಿದ್ದಾಳೆ. ಊರೊಳಗೇ ಇದ್ದಾಳೆ, ಸಂಜೆ ಹಾದಿಯಲ್ಲಿ ಎದುರಾದಳು. ಮುಖ ಬೇರೆ ಕಡೆ ತಿರುಗಿಸಲಿಲ್ಲ. ಮಾತಾಡಲೂ ಇಲ್ಲ.

ಫೆಬ್ರವರಿ 8

ಎರಾಸ್ಮೋ, ನಿಕನೋರಾ ಊರು ಬಿಟ್ಟು ಹೊರಟರು. ದಕ್ಷಿಣದ ತಾಳೆಎಣ್ಣೆ ತೋಟದಲ್ಲಿ ಕೂಲಿಯಂತೆ. ಅಲ್ಲಿ ಕಾಡಿಲ್ಲ, ಕಣ್ಣು ಹಾಯುವವರೆಗೆ ಒಂದೇ ಜಾತಿಯ ಮರ. ತಮಾಲ್ ಕಟ್ಟಿಕೊಂಡು ಲಾರಿಯ ಹತ್ತಿರ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಎರಾಸ್ಮೋ ಮಂಚಕ್ಕೆ ಹಗ್ಗ ಬಿಗಿಯುತ್ತಿದ್ದ. ನನ್ನನ್ನು ನೋಡಿ ಟೋಪಿ ತೆಗೆದ. ನಾನು ತುಟಿ ಬಿಚ್ಚುವ ಮೊದಲೇ ಅವನೇ ಮಾತಾಡಿದ.

"ಕೊಮಾದ್ರೆ, ಗ್ವಾರುಮೋ ಕಡಿಯುವಾಗ ಎಲ್ಲಾ ಒಂದೇ ಸಲ ತೆಗೀಬೇಡಿ. ಆ ಮೂರು ಗಿಡಕ್ಕೆ ನೆರಳು ಅಭ್ಯಾಸ ಆಗಿದೆ, ಬಿಸಿಲು ಒಮ್ಮೆಲೇ ಬಿದ್ರೆ ಬೆಂದುಹೋಗ್ತವೆ. ಬೆಳಗಿನ ಬಿಸಿಲು ಬರೋ ಕಡೆ ಮೊದಲು ತೆಗೀರಿ. ತೋಳುದ್ದದ ಅಂಗಿ ಹಾಕ್ಕೊಳ್ಳಿ, ಇರುವೆ ಮೈಮೇಲೆ ಬೀಳ್ತವೆ."

ಆ ಮೂರು ಗಿಡ! ನಾನು ಯಾರಿಗೂ ಹೇಳಿರಲಿಲ್ಲ, ತಪಾಸಣೆಯವರು ಎರಡನ್ನಷ್ಟೇ ಎಣಿಸಿದ್ದರು. ನಿಕನೋರಾ ಲಾರಿಯ ಮೇಲಿಂದಲೇ ಹೇಳಿದಳು, ಕೂಗದೆ, ನನಗೆ ಕೇಳುವಷ್ಟು.

"ಜುಲೈನಿಂದ ಗೊತ್ತಿತ್ತು ಅವರಿಗೆ. ಹೋಗಿ ನೋಡ್ಕೊಂಡು ಬಂದಿದ್ರು. ಹೋಗಿ ನೀವೇ ಕಡೀರಿ ಅಂತ ನಾನು ಬಡ್ಕೊಂಡೆ. ಬೇಡ, ಕೊಮಾದ್ರೆ ಸಿಟ್ಟು ತೀರಲಿ ಅಂದ್ರು. ತೀರ್ತಾ ಕೊಮಾದ್ರೆ?"

ತಮಾಲ್ ಗಂಟನ್ನು ಅವಳು ತೆಗೆದುಕೊಂಡಳು. ಎಸೆದಿದ್ದರೆ ಚೆನ್ನಾಗಿತ್ತು. ಲಾರಿ ಹೊರಟಿತು.

ಎಂಥ ಮನುಷ್ಯ! ಒಂದು ಸಲ ಬಂದು ನನ್ನನ್ನು ಬೈದಿದ್ದರೆ ನಾನೂ ಬೈದು, ಇಬ್ಬರೂ ಅತ್ತು ಮುಗಿಸಿಕೊಳ್ಳುತ್ತಿದ್ದೆವು. ಸುಮ್ಮನೆ ನೋಡುತ್ತ ನಿಂತ. ನಾನು ಬಿಟ್ಟೆ, ಅವನೂ ಬಿಟ್ಟ. ನಡುವೆ ಅದು ಬೆಳೆಯಿತು. ಇಷ್ಟು ದಿನ ಸಿಟ್ಟು ಮಾಡಿಕೊಳ್ಳಲು ಒಬ್ಬನಾದರೂ ಇದ್ದ. ಅವನನ್ನೂ ಲಾರಿ ಹತ್ತಿಸಿ ಬಂದೆ.

ಮಾರ್ಚ್ 2

ಲಿಸಾಂದ್ರೋ ಸತ್ತು ವರ್ಷವಾಯಿತು. ಪ್ಲಾಸಿದೋ ಬಂದು ಆ ಜಾಗವನ್ನು ಇನ್ನು ಪೂರ್ತಿ ನನ್ನ ಹೊಣೆಗೆ ಬಿಟ್ಟಿದ್ದೇವೆ ಎಂದರು. "ನಿಮ್ಮಷ್ಟು ಕಾಳಜಿ ಯಾರಿಗಿರುತ್ತೆ, ದೋನ್ಯಾ." ಹೂಂ ಎಂದೆ.

ಬೆಳಗಿನ ಬಿಸಿಲಿನ ಕಡೆಯಿಂದ ಶುರು ಮಾಡಿದೆ. ಚಂದ್ರ ಬೆಳೆಯುತ್ತಿತ್ತು. ಬೆಳೆಯಲಿ.

ಜೂನ್ 5

ಮೊದಲ ಮಳೆ ಬಂತು. ಕೈಯೆಲ್ಲ ಇರುವೆ ಕಚ್ಚಿದ ಗುರುತು. ಗ್ವಾರುಮೋಗಳಲ್ಲಿ ಪಶ್ಚಿಮದ ಸಾಲೊಂದು ಬಿಟ್ಟು ಉಳಿದದ್ದೆಲ್ಲ ತೆಗೆದಾಯಿತು. ಮೂರರಲ್ಲಿ ಒಂದು ಬೇಸಿಗೆಯಲ್ಲಿ ಹೋಯಿತು. ಎರಡು ನೆಟ್ಟಗಾಗಿವೆ, ಬಾಗಿದ್ದದ್ದು ಈಗ ನನ್ನ ಭುಜಕ್ಕೆ ಬರುತ್ತದೆ. ಇವು ಮರವಾಗುವುದನ್ನು ನೋಡಲು ನಾನಿರುವುದಿಲ್ಲ. ಮಿರ್ತಾಳೂ ಮುದುಕಿಯಾಗಿರುತ್ತಾಳೆ. ಆದರೂ ಖಾಲಿ ಗುಣಿಗಳನ್ನೆಲ್ಲ ಮತ್ತೆ ತೋಡಿಟ್ಟಿದ್ದೇನೆ, ಬರೀ ನೆಲ ನೋಡಿದರೆ ಕಣ್ಣಿಗೆ ಚುಚ್ಚುತ್ತದೆ.

ಹೊಸ ಸಸಿ ಬೇಕೆಂದು ಪ್ಲಾಸಿದೋ ಕೈಯಲ್ಲಿ ಹೇಳಿ ಕಳಿಸಿದ್ದೆ. ಇವತ್ತು ಬಾಗಿಲು ತೆರೆದರೆ ಹೊಸಿಲಾಚೆ ಸಸಿಗಳ ಮರದ ಪೆಟ್ಟಿಗೆ ಇತ್ತು. ಪ್ರತಿ ಸಸಿಯ ಬುಡಕ್ಕೆ ಒದ್ದೆ ಎಲೆ ಸುತ್ತಿತ್ತು. ಅಷ್ಟು ಅಚ್ಚುಕಟ್ಟು ಮಿರ್ತಾಳದ್ದೇ. ಅಂಗಳದ ಕೆಸರಿನಲ್ಲಿ ಅವಳ ಹೆಜ್ಜೆ ಬಂದದ್ದೂ ಇತ್ತು, ಹೋದದ್ದೂ ಇತ್ತು. ಹೆಸರು ಹಿಡಿದು ಕೂಗಿದೆ. ಪಕ್ಕದ ಮನೆಯ ನಾಯಿ ಬೊಗಳಿತು.

ಆ ಪೆಟ್ಟಿಗೆಗೆ ಎರಡು ಕಡೆ ಹಗ್ಗದ ಹಿಡಿ ಇರುತ್ತದೆ, ಇಬ್ಬರು ಹೊರಲೆಂದು. ಒಂದನ್ನು ನಾನು ಹಿಡಿದೆ. ಇನ್ನೊಂದು ತುದಿ ಕಾಡಿನವರೆಗೂ ನೆಲದ ಮೇಲೆ ಎಳೆಸಿಕೊಂಡು ಬಂತು.